ಅರ್ಧ ದಿನದ ಶಿಶುವಿಹಾರವೂ ಅದರ ವೆಚ್ಚವೂ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ದಾನಿಗಳಿಗೆ ವಂದನೆ, ಇಷ್ಟರಲ್ಲಿ ಮುಗಿಯತಕ್ಕದ್ದೆಂದು ವಾಚಕರು ಬಲ್ಲರು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಅಚ್ಚಾಗಿರುವದರಿಂದ ನಮಗೆ ದೊರೆತ ಈ ಪುಟಗಳನ್ನು, ಹಳೆಯ ವಿದ್ಯಾರ್ಥಿನಿಯರು ನಮ್ಮೊಡನೆ ಮೇಲಿಂದ ಮೇಲೆ ಪ್ರಸ್ತಾಪಿಸುವ ಒಂದು ವಿಷಯಕ್ಕಾಗಿ ಉಪಯೋಗಿಸಲು ಅಪ್ಪಣೆ ಬೇಡುತ್ತೇವೆ. ಎರಡು ವರ್ಷದ ಮಗುವನ್ನು ದಿನಕ್ಕೆ ನಾಲ್ಕು ತಾಸು ನೋಡಿಕೊಳ್ಳುವ ಶಿಶುವಿಹಾರಕ್ಕೆ ಎಷ್ಟು ಹಣ ಕೊಡುವದು ನ್ಯಾಯವಾದದ್ದು, ಮತ್ತು ಆ ಹಣವನ್ನು ಯಾರ ಸಂಬಳದಿಂದ ಕಳೆಯತಕ್ಕದ್ದು ಎಂಬದೇ ಆ ವಿಷಯ. ಸಣ್ಣ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಈ ಸಣ್ಣ ಲೆಕ್ಕವನ್ನು ಅಡ್ಡದಾರಿಯಲ್ಲಿ ಹಾಕಿದ್ದರಿಂದ ಕೆಲಸ ಬಿಟ್ಟು ಮನೆಯಲ್ಲಿ ಕೂತ ಉಪಾಧ್ಯಾಯಿನಿಯರೂ ದಾದಿಯರೂ ನಮ್ಮ ಹಳೆಯ ವಿದ್ಯಾರ್ಥಿನಿಯರೊಳಗೆ ಹಲವರಿದ್ದಾರೆ. ಅವರನ್ನು ಓದಿಸುವದಕ್ಕೆ ಅವರ ತಂದೆತಾಯಿಗಳು ಎಷ್ಟು ಕಷ್ಟಪಟ್ಟರೆಂಬದನ್ನು ಈ ಶಾಲೆಯು ಕಣ್ಣಾರೆ ಕಂಡಿದೆ. ಆದಕಾರಣ ಸುಮ್ಮನಿರುವದು ನಮಗೆ ತಕ್ಕದ್ದಲ್ಲ.

ಈ ಪ್ರಶ್ನೆಯು ಹುಟ್ಟುವದೇತಕ್ಕೆಂದು ಮೊದಲು ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯಿದೆಯು 12 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತ್ತು. 2017ರ ತಿದ್ದುಪಡಿಯು ಮೊದಲಿನ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. ಇದು ದೊಡ್ಡ ಉಪಕಾರವೇ ಸರಿ. ಆದರೂ ಆ ರಜೆಯು ಮುಗಿಯುವಾಗ ಮಗುವಿಗೆ ಆರು ತಿಂಗಳು ತುಂಬಿದ್ದರೆ ಹೆಚ್ಚು. ಇನ್ನೊಂದು ಕಡೆಯಲ್ಲಿ ಅಂಗನವಾಡಿಯ ಆಟಪಾಠಗಳು ಮೂರು ವರ್ಷ ತುಂಬಿದ ಮಕ್ಕಳಿಗೆ ಮಾತ್ರ. ನಮ್ಮ ರಾಜ್ಯದಲ್ಲಿ ಆ ಕೆಲಸವು 1975ನೇ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಮೊದಲಾಯಿತು, ಅಂದಿನಿಂದ ಅದು ಮಾಡಿದ ಉಪಕಾರವನ್ನು ನಾವು ಕಡಿಮೆಯಾಗಿ ಎಣಿಸುವದಿಲ್ಲ. ಆದರೆ ಮೂರು ವರ್ಷದ ಕೆಳಗಿನ ಕೂಸಿಗೆ ಅಂಗನವಾಡಿಯಿಂದ ಆಹಾರದ ಪೊಟ್ಟಣವು ಮನೆಗೆ ಬರುತ್ತದಲ್ಲದೆ, ಕೂಸನ್ನು ಅಲ್ಲಿ ಬಿಟ್ಟು ತಾಯಿಯು ಕೆಲಸಕ್ಕೆ ಹೋಗುವ ಏರ್ಪಾಡು ಸಾಮಾನ್ಯವಾಗಿ ಇಲ್ಲ. ಹೀಗಿರಲಾಗಿ ಆರು ತಿಂಗಳಿಂದ ಮೂರು ವರ್ಷದ ವರೆಗೆ, ಎರಡೂವರೆ ವರ್ಷಗಳ ಒಂದು ಕಂದರವು ಉಳಿಯುತ್ತದೆ. ಮಗು ನಡೆಯಲು, ಬೀಳಲು, ಮಾತಾಡಲು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡಲು ಕಲಿಯುವ ಕಾಲವಿದು. ಒಂದು ನಿಮಿಷವೂ ಕಣ್ಣು ತಪ್ಪಿಸಲಾಗದ ಕಾಲವೂ ಇದೇ.

ಈ ಕಂದರವನ್ನು ದಾಟಿಸುತ್ತಾ ಬಂದವರು ಅಜ್ಜಿಯಂದಿರು. ರೂತಳ ಮಗುವನ್ನು ನೊವೊಮಿಯು ಎತ್ತಿ ಮಡಿಲಲ್ಲಿಟ್ಟು ಸಾಕಿದಳೆಂಬ ಸಂಗತಿಯನ್ನು ನಮ್ಮ ಹುಡುಗಿಯರು ಭಾನುವಾರದ ಶಾಲೆಯಲ್ಲಿಯೇ ಕಲಿತಿರುತ್ತಾರೆ. ಅಜ್ಜಿಯ ಮಡಿಲಿಗೆ ಸಮನಾದ ಶಿಶುವಿಹಾರವು ಈ ಲೋಕದಲ್ಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಅಜ್ಜಿಯು ಪುಕ್ಕಟೆಯೆಂದು ತಿಳಿಯುವದು ಸರಿಯಲ್ಲ. ಊರಿನ ಮನೆಗೆ ಬೀಗ ಹಾಕಿ, ಅಜ್ಜನನ್ನು ಒಬ್ಬನನ್ನೇ ಬಿಟ್ಟು, ಮೊಣಕಾಲು ನೋವನ್ನು ಹೊತ್ತುಕೊಂಡು ಮೂರನೆಯ ಮಾಳಿಗೆಯ ಬಾಡಿಗೆ ಮನೆಗೆ ಬಂದು, ಓಡುವ ಮಗುವಿನ ಹಿಂದೆ ಓಡುವ ಆ ಮುದುಕಿಯ ಶ್ರಮಕ್ಕೆ ಯಾರೂ ಬೆಲೆ ಕಟ್ಟುವದಿಲ್ಲವೆಂಬದಷ್ಟೇ ನಿಜ. ಈಗಿನ ಅಜ್ಜಿಯರಲ್ಲಿ ಅನೇಕರು ತಾವೇ ಇನ್ನೂ ಕೆಲಸದಲ್ಲಿರುವವರು. ಅಜ್ಜಿಯಿಲ್ಲದ ಮನೆಗಳಂತೂ ಇದ್ದೇ ಇವೆ. ಅಂಥವರಿಗೆ ಅರ್ಧ ದಿನದ ಶಿಶುವಿಹಾರವೇ ಗತಿ, ಅದರ ಬಾಗಿಲಲ್ಲಿ ತೂಗುಹಾಕಿದ ಶುಲ್ಕದ ಪಟ್ಟಿಯನ್ನು ನೋಡಿದಾಗ ಅವರು ಕೇಳುವ ಮೊದಲನೆಯ ಪ್ರಶ್ನೆಯೂ ಒಂದೇ: "ಇಡೀ ದಿನಕ್ಕೆ ಇಷ್ಟಾದರೆ ಅರ್ಧ ದಿನಕ್ಕೆ ಅದರ ಅರ್ಧವಾಗಬೇಕಲ್ಲವೇ? ಇದೇನು ಹಗಲು ದರೋಡೆ?"

ದರೋಡೆಯಲ್ಲ. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಲೆಕ್ಕದ ಸಲುವಾಗಿ ಒಂದು ಚಿಕ್ಕ ಶಿಶುವಿಹಾರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ. ಅದರಲ್ಲಿ ಮೂರು ವರ್ಷದ ಕೆಳಗಿನ ಹತ್ತು ಮಕ್ಕಳು, ಒಬ್ಬ ಶಿಕ್ಷಕಿ, ಒಬ್ಬ ಆಯಮ್ಮ. ಶಿಕ್ಷಕಿಗೆ ತಿಂಗಳಿಗೆ 16,000 ರೂಪಾಯಿ, ಆಯಮ್ಮನಿಗೆ 12,000, ಮನೆಬಾಡಿಗೆ 10,000, ಹಾಲು, ರಾಗಿ, ಸಾಬೂನು, ನೀರು, ದೀಪ ಇವಕ್ಕೆ 4,000, ಆಟಿಕೆ, ಔಷಧ, ದುರಸ್ತಿಗಳಿಗೆ 2,000 ಎಂದಿಟ್ಟುಕೊಳ್ಳಿರಿ. ಒಟ್ಟು 44,000. ನಡಿಸುವವಳಿಗೆ ಒಂದು ಕಾಸೂ ಲಾಭವಿಲ್ಲದೆ ಮಗುವೊಂದಕ್ಕೆ 4,400 ರೂಪಾಯಿ ಬೀಳುತ್ತದೆ. ಈಗ ಅದೇ ಮನೆಯನ್ನು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ವರೆಗೆ ಮಾತ್ರ ತೆರೆಯುವದಾಗಲಿ. ಮನೆಯ ಯಜಮಾನನು ಮಧ್ಯಾಹ್ನದ ಬಾಡಿಗೆಯನ್ನು ಬಿಟ್ಟುಕೊಡುವನೇ? ಇಲ್ಲ; 10,000 ಹಾಗೆಯೇ ನಿಂತಿತು. ಆಟಿಕೆ ಔಷಧಗಳ 2,000 ಸಹ ನಿಂತಿತು. ಊಟ ತಪ್ಪಿದ್ದರಿಂದ ನಾಲ್ಕು ಸಾವಿರವು ಎರಡಾಯಿತು. ಇನ್ನು ಉಳಿದದ್ದು ಇಬ್ಬರು ಹೆಂಗಸರ ಸಂಬಳ. ಅದನ್ನು ಅರ್ಧಮಾಡಿದರೆ ಅವರು ಉಳಿದರ್ಧವನ್ನು ಸಂಪಾದಿಸುವದೆಲ್ಲಿ? ಮಧ್ಯಾಹ್ನ ಒಂದೂವರೆಗೆ ಆರಂಭವಾಗುವ ಶಿಕ್ಷಕಿಯ ಕೆಲಸವನ್ನು ನಾವಂತೂ ಎಲ್ಲಿಯೂ ಕಂಡಿಲ್ಲ. ಮಧ್ಯಾಹ್ನಕ್ಕೆ ಬೇರೆ ಹತ್ತು ಮಕ್ಕಳನ್ನು ಸೇರಿಸಿಕೊಳ್ಳಬಹುದಲ್ಲಾ ಎಂದರೆ, ಎರಡು ವರ್ಷದ ಮಕ್ಕಳು ಮಧ್ಯಾಹ್ನ ನಿದ್ದೆ ಮಾಡುವರು. ಎಲ್ಲ ತಾಯಂದಿರೂ ಬೇಡುವದು ಬೆಳಗಿನ ಹೊತ್ತನ್ನೇ. ಆದ್ದರಿಂದ ಸಂಬಳದ ಮುಕ್ಕಾಲು ಪಾಲನ್ನಾದರೂ ಕೊಡದೆ ಯೋಗ್ಯರಾದವರು ನಿಲ್ಲುವದಿಲ್ಲ. ಅದು 21,000. ಎಲ್ಲ ಕೂಡಿ 35,000, ಮಗುವೊಂದಕ್ಕೆ 3,500. ಅರ್ಧ ಹೊತ್ತಿಗೆ ನೂರಕ್ಕೆ ಎಂಬತ್ತರಷ್ಟು ವೆಚ್ಚವಾಯಿತು. ಕಲ್ಲೆದೆಯಿಂದ ಸಂಬಳಗಳನ್ನು ಸರಿಯಾಗಿ ಅರ್ಧಕ್ಕೆ ಕಡಿದರೂ 2,800 ಆಗುವದಲ್ಲದೆ 2,200 ಆಗಲಾರದು. ತಿಂಗಳಿಗೆ 25 ದಿನವೆಂದು ತಾಸಿನ ಮೇಲೆ ಹಾಕಿದರೆ ಇಡೀ ದಿನದ ಮಗುವಿಗೆ ತಾಸಿಗೆ 22 ರೂಪಾಯಿ, ಅರ್ಧ ದಿನದ ಮಗುವಿಗೆ 35 ರೂಪಾಯಿ.

ವಾರಕ್ಕೆ ಮೂರೇ ದಿನ ಕಳುಹಿಸುತ್ತೇವೆ, ಮೂರು ದಿನದ ಹಣವನ್ನೇ ಕೊಡುತ್ತೇವೆ ಎನ್ನುವವರಿಗೂ ಇದೇ ಉತ್ತರ. ಉಳಿದ ದಿನಗಳಲ್ಲಿ ಆ ಚಾಪೆಯು ಬರಿದಾಗಿರುತ್ತದೆ. ಅದನ್ನು ಮತ್ತೊಂದು ಮಗುವಿಗೆ ಕೊಡುವ ಹಾಗಿಲ್ಲ.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಅಂಶವು ಕೈಗಳ ಸಂಖ್ಯೆ. ನಮ್ಮ ಪ್ರೌಢಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿಯು ಐವತ್ತು ಹುಡುಗಿಯರ ಮುಂದೆ ನಿಂತು ಪಾಠ ಹೇಳಬಲ್ಲಳು. ಎರಡು ವರ್ಷದ ಐವತ್ತು ಮಕ್ಕಳ ಮುಂದೆ ನಿಂತವಳು ಏನು ಮಾಡಬಲ್ಲಳು? ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಅಲ್ಲಿಯ ಶಿಶುವಿಹಾರದ ಶುಲ್ಕವು ಮನೆಬಾಡಿಗೆಯೊಡನೆ ಸ್ಪರ್ಧಿಸುತ್ತದೆಂದು ಬರೆಯುತ್ತಾರೆ. ಅದಕ್ಕೂ ಇದೇ ಕಾರಣ. ಅಲ್ಲಿ ಎರಡು ವರ್ಷದ ಮಕ್ಕಳಿಗೆ ನಾಲ್ವರಿಗೊಬ್ಬ ಪಾಲಕಿ ಇರತಕ್ಕದ್ದೆಂದು ನಿಯಮವಿತ್ತು. 2023ರಲ್ಲಿ ಅದನ್ನು ಐವರಿಗೊಬ್ಬಳೆಂದು ಸಡಿಲಿಸಿದರು. ಐದು ಮನೆಗಳು ಕೂಡಿ ಒಬ್ಬಳ ಸಂಬಳವನ್ನು ಹೊರಬೇಕಾದಲ್ಲಿ ಹೊರೆಯು ಭಾರವಾಗದೆ ಹೇಗಿದ್ದೀತು? ಹಾಗೆಂದು ಅಲ್ಲಿಯ ಸರಕಾರವು ಕಣ್ಣುಮುಚ್ಚಿ ಕೂತಿಲ್ಲ. ಕೆಲಸಕ್ಕೆ ಹೋಗುವ ತಂದೆತಾಯಿಗಳ ಎರಡು ವರ್ಷದ ಮಕ್ಕಳಿಗೆ 2024ರ ಏಪ್ರಿಲಿನಿಂದ ವಾರಕ್ಕೆ 15 ತಾಸುಗಳ ವೆಚ್ಚವನ್ನು ವರ್ಷದ 38 ವಾರಗಳ ಮಟ್ಟಿಗೆ ತಾನೇ ವಹಿಸಿಕೊಂಡಿತು. 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ಕೂಸಿನಿಂದ ಮೊದಲುಗೊಂಡು 30 ತಾಸುಗಳ ವೆಚ್ಚವನ್ನು ವಹಿಸಿಕೊಂಡಿತು.

ಶಿಶುವಿಹಾರಗಳವರು ಕೇಳಿದ್ದೆಲ್ಲವೂ ನ್ಯಾಯವೆಂದು ನಾವು ವಾದಿಸುತ್ತಿಲ್ಲ. ಎರಡು ವರ್ಷದ ಮಗುವಿಗೆ ಸಮವಸ್ತ್ರವೂ ಬೂಟೂ ಏತಕ್ಕೆ? ಹೊರುವ ಶಕ್ತಿಯೇ ಇಲ್ಲದ ಬೆನ್ನಿಗೆ ಚೀಲವೇತಕ್ಕೆ? ವರ್ಷಾಂತ್ಯದಲ್ಲಿ ಕಪ್ಪು ನಿಲುವಂಗಿಯನ್ನೂ ಚೌಕಟ್ಟಾದ ಟೊಪ್ಪಿಗೆಯನ್ನೂ ತೊಡಿಸಿ, ಪದವೀಧರರಂತೆ ಕೈಯಲ್ಲಿ ಸುರುಳಿಯನ್ನು ಕೊಟ್ಟು, ಅಳುವ ಮಕ್ಕಳ ಚಿತ್ರ ತೆಗೆಸುವ ಪದ್ಧತಿಯು ಈಗ ನಮ್ಮ ಊರಿಗೂ ಬಂದಿದೆ. ನಾವು ಬಿ.ಎ. ಆಗುವದಕ್ಕೆ ಹದಿನೈದು ವರ್ಷ ಹಿಡಿಯಿತು. ಈ ಕಂದಮ್ಮಗಳಿಗೆ ಹತ್ತು ತಿಂಗಳಲ್ಲಿ ಆ ಭಾಗ್ಯ. ಇಂಥ ವಿನೋದಗಳಿಗೆ ಹಣ ಕೇಳಿದರೆ ತಂದೆತಾಯಿಗಳು ಧೈರ್ಯವಾಗಿ ಇಲ್ಲವೆನ್ನಲಿ. ಇಂಗ್ಲಿಷ್ ಅಕ್ಷರ ಕಲಿಸುತ್ತೇವೆಂದು ಹೆಚ್ಚು ಶುಲ್ಕ ಕೇಳುವವರಿಗೂ ಅದೇ ಉತ್ತರವನ್ನು ಕೊಡಲಿ. ಮರಳು, ನೀರು, ಹಾಡು, ನಿದ್ದೆ, ಮತ್ತು ಅತ್ತಾಗ ಎತ್ತಿಕೊಳ್ಳುವ ಒಂದು ತೋಳು, ಇವಿಷ್ಟಕ್ಕೆ ಕೇಳಿದ ಹಣದಲ್ಲಿ ಮಾತ್ರ ಚೌಕಾಸಿ ಮಾಡದಿರಲಿ.

ಏಕೆಂದರೆ ಚೌಕಾಸಿಯಿಂದ ಉಳಿದ ಹಣವು ಬರುವದು ಆಯಮ್ಮನ ಸೆರಗಿನಿಂದ. ಬಾಡಿಗೆಯನ್ನು ಕಡಿಮೆ ಮಾಡುವದಾಗುವದಿಲ್ಲ, ಹಾಲಿನ ಬೆಲೆಯು ಇಳಿಯುವದಿಲ್ಲ. ಇಳಿಯುವದು ಅವಳ ಸಂಬಳವೊಂದೇ. ಸರಕಾರದ ಯೋಜನೆಯಲ್ಲಿಯೂ ಹೀಗೆಯೇ ಆಗಿರುವದನ್ನು ನೋಡಿರಿ. 2017ರ ರಾಷ್ಟ್ರೀಯ ಶಿಶುವಿಹಾರ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನವರಿಗೆ ತಿಂಗಳಿಗೆ 20 ರೂಪಾಯಿ, 12,000ದ ವರೆಗೆ ವರಮಾನವಿದ್ದವರಿಗೆ 100, ಅದಕ್ಕೆ ಮೇಲ್ಪಟ್ಟವರಿಗೆ 200 ಎಂದು ಶುಲ್ಕವನ್ನು ಗೊತ್ತುಮಾಡಿದ್ದರು. ಅಗ್ಗವೆಂದು ಸಂತೋಷಪಡುವದಕ್ಕೆ ಮೊದಲು ಇನ್ನೊಂದು ಅಂಕಿಯನ್ನು ಓದಬೇಕು: ಅದೇ ಯೋಜನೆಯಲ್ಲಿ ಶಿಶುಗಳನ್ನು ನೋಡಿಕೊಳ್ಳುವ ಕಾರ್ಯಕರ್ತೆಗೆ 3,000, ಸಹಾಯಕಿಗೆ 1,500 ರೂಪಾಯಿ ಗೌರವಧನ. ಇಷ್ಟನ್ನು ಪಡೆಯುವ ಸಹಾಯಕಿಗೂ ಮನೆಯಲ್ಲಿ ಎರಡು ವರ್ಷದ ಮಗುವಿರಬಹುದು. ಅವಳ ಮಗುವನ್ನು ನೋಡಿಕೊಳ್ಳುವವರಾರು? ಬಹುಶಃ ಆರನೆಯ ತರಗತಿಯಿಂದ ಬಿಡಿಸಲ್ಪಟ್ಟ ಅದರ ಅಕ್ಕ. ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ಹೀಗೆ ನಡುವಿನಲ್ಲಿಯೇ ನಿಂತುಹೋದ ಹೆಸರುಗಳನ್ನು ನಾವು ಪ್ರತಿ ವರ್ಷವೂ ಕೆಂಪು ಶಾಯಿಯಿಂದ ಗುರುತಿಸಬೇಕಾಗುತ್ತದೆ. ಅಗ್ಗದ ಶಿಶುವಿಹಾರದ ಹಣವನ್ನು ತೆತ್ತವಳು ಆ ಹುಡುಗಿಯೇ.

ಫರೋಹನ ಕುಮಾರಿಯು ನದಿಯ ಜಂಬುಹುಲ್ಲಿನಲ್ಲಿ ಕೂಸನ್ನು ಕಂಡಾಗ, ಅದನ್ನು ಸಾಕಲು ಬಂದ ಹೆಂಗಸಿಗೆ ಸಂಬಳ ಕೊಡುತ್ತೇನೆಂದು ತಾನಾಗಿಯೇ ಹೇಳಿದಳು. ಆ ಹೆಂಗಸು ಕೂಸಿನ ಹೆತ್ತ ತಾಯಿಯೇ ಆಗಿದ್ದಳೆಂಬದು ಅವಳಿಗೆ ತಿಳಿಯದು. ಮೋಶೆಯ ಚರಿತ್ರೆಯನ್ನು ಓದುವವರು ಸಮುದ್ರವು ಇಬ್ಭಾಗವಾದದ್ದನ್ನು ನೆನಪಿಡುತ್ತಾರಲ್ಲದೆ ಈ ಸಂಬಳದ ಮಾತನ್ನು ಮರೆಯುತ್ತಾರೆ. ಅರಸುಮಗಳು ಚೌಕಾಸಿ ಮಾಡಿದಳೆಂದು ಅಲ್ಲಿ ಬರೆದಿಲ್ಲ. ನಮ್ಮ ದೇಶದಲ್ಲಿಯೂ ಈ ನ್ಯಾಯಕ್ಕೆ ಹತ್ತಿರವಾದ ಒಂದು ಕಟ್ಟಳೆಯನ್ನು ಮಾಡಿದವರಿದ್ದಾರೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಲ್ಲಿ, ಕೆಲಸದ ಸ್ಥಳಕ್ಕೆ ಆರು ವರ್ಷದ ಕೆಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಕೂಲಿಯ ಹೆಂಗಸರಲ್ಲಿ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಅವಳಿಗೂ ಕೂಲಿಯ ದರದಂತೆಯೇ ಕೊಡತಕ್ಕದ್ದೆಂದು ಬರೆದಿದ್ದರು. ಮಣ್ಣು ಹೊರುವದೂ ಮಗು ಹೊರುವದೂ ಸಮಾನವಾದ ಕೆಲಸವೆಂದು ಒಪ್ಪಿದ ಆ ಒಂದು ಸಾಲು ನಮಗೆ ಬಹಳ ಹಿಡಿಸಿತು. ಕಟ್ಟಡ ಕೆಲಸದ ಸ್ಥಳಗಳಲ್ಲಿ ಶಿಶುಗಳ ಗತಿಯನ್ನು ನೋಡಲಾರದೆ ಮೀರಾ ಮಹಾದೇವನ್ ಎಂಬವರು 1969ರಲ್ಲಿ ದಿಲ್ಲಿಯಲ್ಲಿ ಸಂಚಾರಿ ಶಿಶುವಿಹಾರಗಳ ಕಾರ್ಯವನ್ನು ಆರಂಭಿಸಿದ್ದನ್ನೂ, ನಮ್ಮ ರಾಜ್ಯದವರು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ'ಗಳನ್ನು ಸಾರಿದ್ದನ್ನೂ ಇಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇವೆ.

ಇನ್ನು ಎರಡನೆಯ ಪ್ರಶ್ನೆ, ಯಾರ ಸಂಬಳದಿಂದ ಕಳೆಯುವದು? ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದದ್ದು ಇದೇ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಗಣಿತದಲ್ಲಿ ಆ ವರ್ಷದ ಎಲ್ಲರಿಗೂ ಮುಂದಿದ್ದವಳು, ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಕೆಲಸದಲ್ಲಿದ್ದಳು. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷದಲ್ಲಿ, ಮಗುವಿಗೆ ಒಂದೂವರೆ ವರ್ಷವಾದಾಗ, ರಾಜೀನಾಮೆ ಕೊಟ್ಟಳು. ಏಕೆಂದು ಕೇಳಿದ್ದಕ್ಕೆ ಒಂದು ಕಾಗದದ ಚೂರಿನ ಮೇಲೆ ಲೆಕ್ಕ ಬರೆದು ತೋರಿಸಿದಳು. ಸಂಬಳ 20,000. ಶಿಶುವಿಹಾರಕ್ಕೆ 3,500, ಆಟೋರಿಕ್ಷಾಕ್ಕೆ 1,500. ಶಿಶುವಿಹಾರವು ಒಂದಕ್ಕೆ ಮುಚ್ಚುತ್ತದೆ, ಅವಳ ಶಾಲೆಯು ಬಿಡುವದು ನಾಲ್ಕಕ್ಕೆ; ಆದದರಿಂದ ನಡುವಿನ ಮೂರು ತಾಸು ಮಗುವನ್ನು ಇಟ್ಟುಕೊಳ್ಳುವ ನೆರೆಮನೆಯ ಅಮ್ಮನಿಗೆ 3,000. ಮಗುವಿಗೆ ಜ್ವರ ಬಂದ ದಿನ ಶಿಶುವಿಹಾರದವರು ಸೇರಿಸಿಕೊಳ್ಳುವದಿಲ್ಲ, ಅಂದು ಅವಳಿಗೆ ಸಂಬಳವಿಲ್ಲ. ತಿಂಗಳಿಗೆ ಅಂಥ ದಿನ ಎರಡಾದರೆ ಸುಮಾರು 1,300. ಉಳಿದದ್ದು ಹತ್ತು ಸಾವಿರದ ಚಿಲ್ಲರೆ. "ಈ ಹತ್ತು ಸಾವಿರಕ್ಕಾಗಿ ಮಗುವನ್ನು ಪರರ ಕೈಯಲ್ಲಿ ಕೊಡಬೇಕೇ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು, ಅಮ್ಮಾ, ನನ್ನ ಹತ್ತಿರ ಉತ್ತರವಿರಲಿಲ್ಲ" ಎಂದಳು.

ಕೂಡಿಸಿ ಕಳೆದದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪಿದ್ದು ಕಾಗದದ ತಲೆಬರಹದಲ್ಲಿ. ಅದರ ಮೇಲೆ ಅವಳ ಸಂಬಳವೊಂದನ್ನೇ ಬರೆಯಲಾಗಿತ್ತು. ಆ ಮನೆಯಲ್ಲಿ ಗಂಡನಿಗೆ 30,000 ರೂಪಾಯಿ ಬರುತ್ತಿತ್ತು. ಅವನ ಬೈಕಿನ ಕಂತನ್ನು ಅವನ ಸಂಬಳದಿಂದ ಕಳೆದು, ಉಳಿದದ್ದಕ್ಕಾಗಿ ಅವನು ಕೆಲಸಕ್ಕೆ ಹೋಗಬೇಕೇ ಎಂದು ಯಾರಾದರೂ ಕೇಳಿದ್ದುಂಟೇ? ಮಗುವು ತಾಯಿಗೊಬ್ಬಳಿಗೇ ಹುಟ್ಟಿದ್ದಲ್ಲ. ಶಿಶುವಿಹಾರ, ಆಟೋರಿಕ್ಷಾ, ನೆರೆಮನೆ, ಈ ಮೂರೂ ಸೇರಿ 8,000. ಇಬ್ಬರ 50,000ದ ಮೇಲೆ ಅದನ್ನು ಹಂಚಿದರೆ ತಂದೆಯ ಪಾಲಿಗೆ 4,800, ತಾಯಿಯ ಪಾಲಿಗೆ 3,200. ಜ್ವರದ ಎರಡು ದಿನಗಳಲ್ಲಿ ಒಂದನ್ನು ತಂದೆಯೂ ಮನೆಯಲ್ಲಿರಬಹುದು. ಮಕ್ಕಳ ಹಣೆಗೆ ಒದ್ದೆಬಟ್ಟೆಯನ್ನಿಡುವದಕ್ಕೆ ಗಂಡಸರ ಕೈ ತಕ್ಕದ್ದಲ್ಲವೆಂದು ಯಾವ ವೈದ್ಯರೂ ಹೇಳಿದ್ದನ್ನು ನಾವು ಕೇಳಿಲ್ಲ. ಹೀಗೆ ಬರೆದಿದ್ದರೆ ಅವಳಿಗೆ ಉಳಿಯುತ್ತಿದ್ದದ್ದು ಹತ್ತು ಸಾವಿರವಲ್ಲ, ಹದಿನಾರು ಸಾವಿರಕ್ಕೆ ಮೇಲೆ. ಮನೆಯ ಹಣವು ಒಂದೇ ಪೆಟ್ಟಿಗೆಯದು, ಯಾರ ಹೆಸರಿನಲ್ಲಿ ಬರೆದರೇನು ಎಂದು ಕೆಲವರು ನಗಬಹುದು. ಯಾರ ಹೆಸರಿನಲ್ಲಿ ಬರೆದರೋ ಅವರೇ ಕೆಲಸ ಬಿಟ್ಟರು ಎಂಬದು ಅವರಿಗೆ ನಮ್ಮ ಉತ್ತರ.

ಆ ಕಾಗದದಲ್ಲಿ ಬರೆಯದೆ ಬಿಟ್ಟದ್ದು ಇನ್ನೂ ಉಂಟು. 1972ರ ಉಪದಾನ ಕಾಯಿದೆಯಂತೆ ಐದು ವರ್ಷ ಎಡೆಬಿಡದೆ ಸೇವೆ ಮಾಡಿದವರಿಗೆ ವರ್ಷವೊಂದಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ ಉಪದಾನ ದೊರೆಯುವದಾಯಿತು. ಜನರು ಗ್ರಾಚ್ಯುಟಿ ಎನ್ನುವದು ಇದನ್ನೇ. ಖಾಸಗಿ ಶಾಲೆಗಳ ಶಿಕ್ಷಕರಿಗೆ ಇದು ಸಲ್ಲುವದಿಲ್ಲವೆಂದು ಬಹುಕಾಲ ವಾದಿಸಿದರು. 2009ರ ತಿದ್ದುಪಡಿಯು 1997ರಿಂದಲೇ ಅನ್ವಯವಾಗುವಂತೆ ಅವರನ್ನು ಸೇರಿಸಿತು, ಮತ್ತು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮೂಲವೇತನವೂ ತುಟ್ಟಿಭತ್ಯವೂ ಕೂಡಿ 20,000 ಇರುವವಳಿಗೆ ಐದು ವರ್ಷಕ್ಕೆ ಇದು ಸುಮಾರು 57,700 ರೂಪಾಯಿ. ನಾಲ್ಕನೆಯ ವರ್ಷದಲ್ಲಿ ಬಿಟ್ಟವಳಿಗೆ ಸೊನ್ನೆ. ಭವಿಷ್ಯನಿಧಿಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮಗು ಶಾಲೆಗೆ ಸೇರಿದ ಮೇಲೆ ಮರಳಿ ಬರುವೆನೆಂದು ಹೇಳಿ ಹೋದವರನ್ನು, ಕೆಲಸ ಖಾಲಿ ಇದ್ದಾಗ ಸಂದರ್ಶನದ ಮೇಜಿನ ಈಚೆ ಕೂತು ನಾವು ನೋಡಿದ್ದೇವೆ. ಐದಾರು ವರ್ಷದ ಬಳಿಕ ಅವರು ಕೇಳುವದು, ತಾವೇ ಒಮ್ಮೆ ತರಬೇತು ಕೊಟ್ಟ ಹುಡುಗಿಯ ಸಂಬಳಕ್ಕಿಂತಲೂ ಕಡಿಮೆ. ಮಗುವಿಗೆ ಒಂದೂವರೆಯಿಂದ ಮೂರು ವರ್ಷವಾಗುವದಕ್ಕೆ ಹದಿನೆಂಟೇ ತಿಂಗಳು. ಅಲ್ಲಿಂದ ಮುಂದೆ ತಾಯಿಯ ಸೇವಾಕಾಲವು ಇಪ್ಪತ್ತೈದು ಮೂವತ್ತು ವರ್ಷ.

ಕಾನೂನು ಈ ವಿಷಯದಲ್ಲಿ ಮನೆಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದರೆ ಆಶ್ಚರ್ಯವಾದೀತು. 1948ರ ಕಾರ್ಖಾನೆ ಕಾಯಿದೆಯು 50ಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗಳಿಗೆ ಕೋಣೆಯಿರತಕ್ಕದ್ದೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು. ಎಣಿಸುತ್ತಿದ್ದದ್ದು ಸ್ತ್ರೀಯರ ತಲೆಗಳನ್ನು ಮಾತ್ರ. ಹೀಗೆ ಎಣಿಸಿದರೆ ಮೂವತ್ತೊಂದನೆಯ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳದಿರುವದೇ ಮಾಲಿಕನಿಗೆ ಲಾಭ. 2017ರ ತಿದ್ದುಪಡಿಯಲ್ಲಿ ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯೆಂದು ಬರೆದರು. ಗಂಡಸರೂ ಹೆಂಗಸರೂ ಕೂಡಿದ ಲೆಕ್ಕ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಸಂಖ್ಯೆಯನ್ನು ಇಟ್ಟುಕೊಂಡರು. ಅಂದರೆ ಶಿಶುವಿಹಾರವು ಹೆಂಗಸರ ಖರ್ಚೆಂಬ ಎಣಿಕೆಯನ್ನು ಶಾಸನವು ಬಿಟ್ಟುಕೊಟ್ಟಿತು. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರು ದುಡಿಯುವದು ಬಹುಮಟ್ಟಿಗೆ ಐವತ್ತು ನೌಕರರಿಲ್ಲದ ಚಿಕ್ಕ ಶಾಲೆ, ಚಿಕ್ಕ ಆಸ್ಪತ್ರೆ, ಸಹಕಾರಿ ಸಂಘ, ಅಂಗಡಿಗಳಲ್ಲಿ. ನಮ್ಮ ಶಾಲೆಯೂ ಅವುಗಳಲ್ಲೊಂದು. ಶಾಸನವು ನಮ್ಮನ್ನು ಏನೂ ಕೇಳುವದಿಲ್ಲ.

ತಾಯಿಯು ಮಗುವಿನೊಡನೆ ಮನೆಯಲ್ಲಿಯೇ ಇರಬೇಕೆಂದು ನಂಬುವ ಹಿರಿಯರ ಮೇಲೆ ನಮಗೆ ಗೌರವವಿದೆ. ತನ್ನ ಇಚ್ಛೆಯಿಂದ ಹಾಗೆ ಮಾಡಿದ ತಾಯಂದಿರ ಮಕ್ಕಳು ಇಲ್ಲಿ ಓದುತ್ತಿದ್ದಾರೆ, ಚೆನ್ನಾಗಿಯೂ ಓದುತ್ತಿದ್ದಾರೆ. ಇಚ್ಛೆಯಿಲ್ಲದವಳನ್ನು ಕಾಗದದ ಚೂರೊಂದು ಮನೆಗೆ ಕಳುಹಿಸುವದಕ್ಕೆ ಮಾತ್ರ ನಮ್ಮ ಆಕ್ಷೇಪ.

ಈಗ ಒಂದು ಸೂಚನೆ. ಈ ಉತ್ಸವದ ನಿಧಿಯಿಂದ ರಸ್ತೆಯ ಕಡೆಗೆ ಕಲ್ಲಿನ ಮಹಾದ್ವಾರವನ್ನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರ ಸಂಘದಲ್ಲಿ ಮಾತು ನಡೆದಿದೆ. ಪ್ರೀತಿಯಿಂದ ಹುಟ್ಟಿದ ಆಲೋಚನೆಯೇ ಅದು. ಆದರೆ ನಮ್ಮ ಸ್ವಂತ ಅಭಿಪ್ರಾಯವನ್ನು ಕೇಳಿದರೆ, ಪೂರ್ವದ ಕಡೆಯ ಹಳೆಯ ಹೊಲಿಗೆಯ ಕೋಣೆಯನ್ನು ಹತ್ತು ಶಿಶುಗಳಿಗಾಗಿ ಸಿದ್ಧಪಡಿಸುವದು ಒಳ್ಳೆಯದು. ಕೋಣೆಯು ನಮ್ಮದೇ ಆದದರಿಂದ ಬಾಡಿಗೆಯಿಲ್ಲ. ಮೇಲೆ ಹಾಕಿದ ಲೆಕ್ಕದಲ್ಲಿ ಹತ್ತು ಸಾವಿರವು ಅಲ್ಲಿಯೇ ಇಳಿಯಿತು. ಹೊತ್ತು ಅರ್ಧ ದಿನವಲ್ಲ, ಶಾಲೆಯ ಗಂಟೆಯೊಡನೆ ತೆರೆದು ಶಾಲೆ ಬಿಟ್ಟು ಅರ್ಧ ತಾಸಿನ ಮೇಲೆ ಮುಚ್ಚುವದು. ಬೆಳಗಿನ ಹೊತ್ತು ಮಾತ್ರ ಸಾಕೆನ್ನುವವರು ಮುಕ್ಕಾಲು ಶುಲ್ಕವನ್ನು ಕೊಡಲಿ. ಆಯಮ್ಮನಿಗೆ ನಮ್ಮ ಶಾಲೆಯ ಜವಾನರ ಸಂಬಳದಷ್ಟೇ ಸಂಬಳ, ಅವಳ ಮಗುವಿಗೆ ಹತ್ತರಲ್ಲೊಂದು ಚಾಪೆ, ಶುಲ್ಕವಿಲ್ಲದೆ. ಅರ್ಜಿಯ ನಮೂನೆಯಲ್ಲಿ ತಾಯಿಯ ಸಂಬಳಕ್ಕೊಂದು, ತಂದೆಯ ಸಂಬಳಕ್ಕೊಂದು, ಎರಡು ಸಾಲುಗಳಿರುವವು; ಎರಡನ್ನೂ ತುಂಬದ ಅರ್ಜಿಯನ್ನು ಕಚೇರಿಯವರು ಹಿಂದಿರುಗಿಸುವರು. ಮೊದಲನೆಯ ಹಕ್ಕು ನಮ್ಮ ಉಪಾಧ್ಯಾಯಿನಿಯರ ಮಕ್ಕಳಿಗೆ, ಅನಂತರ ಊರಿನಲ್ಲಿರುವ ಹಳೆಯ ವಿದ್ಯಾರ್ಥಿನಿಯರ ಮಕ್ಕಳಿಗೆ. ಮತಭೇದವಿಲ್ಲವೆಂದು ಬೇರೆ ಹೇಳಬೇಕಾದದ್ದಿಲ್ಲ.

ಮಹಾದ್ವಾರವೇ ಬೇಕೆನ್ನುವವರು ಕಾರಣಗಳೊಡನೆ ಸಂಘದ ಕಾರ್ಯದರ್ಶಿಗೆ ಬರೆಯಲಿ. ಅವನ್ನು ಮುಂದಿನ ಸಭೆಯಲ್ಲಿ ನಾವೇ ಓದಿ ಹೇಳುತ್ತೇವೆ. ಕೋಣೆಗೆ ಒಪ್ಪುವವರು ಹೊಲಿಗೆಯ ಯಂತ್ರಗಳನ್ನು ಎಲ್ಲಿ ಇಡುವದೆಂದು ಆಲೋಚಿಸಿ ತಿಳಿಸಲಿ. ಆ ಕೋಣೆಗೆ ಸೊಂಟದೆತ್ತರದ ಬಾಗಿಲೊಂದನ್ನು ಹೊಸದಾಗಿ ಮಾಡಿಸಬೇಕು. ನೀರಿನ ನಲ್ಲಿಯನ್ನು ಎರಡು ಅಡಿ ಕೆಳಗಿಳಿಸಬೇಕು. ಹಿಂದಿನ ಕಿಟಕಿಯಲ್ಲಿ ಎರಡು ಕಂಬಿಗಳು ಸಡಿಲವಾಗಿವೆ, ಅವನ್ನು ಯಾವ ತೀರ್ಮಾನಕ್ಕೂ ಕಾಯದೆ ಈ ರಜೆಯಲ್ಲಿಯೇ ಭದ್ರಪಡಿಸುತ್ತೇವೆ.